ಸಾಲದ ಮೂಗು

ಮಾಪ್ಸಾದ ಬಸ್‌ಸ್ಟ್ಯಾಂಡಿನ ಹಿಂದೆ, ತಗಡಿನ ಕೆಳಗೆ,
ಬಾನೆಟ್ಟು ಎತ್ತಿ ನಿಂತಿದೆ ಅಗ್ನೆಲೊನ ಹಳೇ ಎಸ್ಟೀಮು.
ಹೊಟ್ಟೆಗೆ ಟರ್ಬೊ ತುರುಕಿಸಿಕೊಂಡ ಮೇಲೆ
ಅದಕ್ಕೆ ಕುಡಿದಷ್ಟೂ ಸಾಲದು.

ದಸ್ತಗೀರ ಉಸ್ತಾದರಿಗೆ ವಾಸನೆ ಹೋಗಿ ಎರಡು ವರ್ಷ.
"ಬಾರಲೇ, ನಿನ್ನ ಮೂಗ ಕೊಡಿಲ್ಲಿ" ಅಂತಾರೆ,
ಸ್ಪ್ಯಾನರ್ ಕೇಳಿದ ಹಾಗೆ.

ಕೊಟ್ಟೆ. ಬಗ್ಗಿದೆ.
ಪೈಪು ಅಲ್ಲ, ಕ್ಲಿಪ್ಪು ಅಲ್ಲ, ಫಿಲ್ಟರೂ ಅಲ್ಲ.
ನಿಂತಲ್ಲೇ ಗುರುಗುಟ್ಟುವಾಗ ಎಲ್ಲಾ ಒಣ;
ಗಾಡಿ ಏರು ಹತ್ತಿ ಟರ್ಬೊ ಸಿಳ್ಳೆ ಹಾಕಿದರೆ ಮಾತ್ರ
ಎಲ್ಲೋ ಕಣ್ಣೊರೆಸಿಕೊಂಡಷ್ಟು ತೇವ.

ಇಂಜೆಕ್ಟರುಗಳ ಸಾಲಿಗೆ ಉಸ್ತಾದರು ಪೌಡರ್ ಉದುರಿಸಿದರು,
ಕೂಸಿನ ಕತ್ತಿಗೆ ಹಚ್ಚುತ್ತಾರಲ್ಲ, ಅದೇ.
ಕೀ ಅರ್ಧ ತಿರುವಿದೆ. ಪಂಪು ಗುಂಯ್ ಅಂತು.
ಬಟ್ಟೆ ಸುತ್ತಿದ ಇಕ್ಕಳ ರಿಟರ್ನ್ ಪೈಪನ್ನು ಹಿಸುಕಿತು.
ಮೂರನೆಯದರ ಬುಡದಲ್ಲಿ
ಸಾಸಿವೆಯಷ್ಟು ಕಪ್ಪು ಚುಕ್ಕೆ.

"ಬ್ಯಾಟರಿ ಬಿಚ್ಚು ಮೊದಲ. ಉಳಿದದ್ದು ಆಮ್ಯಾಲ."
ಹಳೇ ರಿಂಗು ಅವರ ಉಗುರಿನ ಮೇಲೆ:
ಕೂರಿಸುವಾಗಲೇ ಯಾರೋ ಅವಸರದಲ್ಲಿ ಸೀಳಿದ್ದು.
ಯಾರೋ ಅಂದರೆ ನಾನು, ಚೌತಿಯ ಹಿಂದಿನ ರಾತ್ರಿ.
ಅವರಿಗೆ ಗೊತ್ತಾಯಿತು. ಏನೂ ಅನ್ನಲಿಲ್ಲ,
ಹೊಸದಕ್ಕೆ ಎಣ್ಣೆ ಸವರಿ ನನ್ನ ಅಂಗೈಗಿಟ್ಟರು.

ಹೆಬ್ಬೆರಳಲ್ಲಿ ಒತ್ತಿದೆ. ತುಸು ತಿರುಗಿಸಿ, ಮತ್ತೆ.
ಪೌಡರು ಬೆಳ್ಳಗೇ ಉಳಿಯಿತು ಅರ್ಧ ಗಂಟೆ.

ಅಗ್ನೆಲೊ ಪರ್ರಾದ ಕಡೆ ಸಿಳ್ಳೆ ಹಾರಿಸಿಕೊಂಡು ಹೋದ.
ಉಸ್ತಾದರು ಕೈಯನ್ನು ಮೂಗಿಗೆ ಹಿಡಿದು, ಸುಮ್ಮನೆ,
ನನ್ನತ್ತ ನೋಡಿದರು: "ಪೆಟ್ರೋಲ್ ಏನಲೇ?"
ಮೂಸಿದೆ.
"ಅಲ್ಲ" ಅಂದೆ. "ಕೂಸು."