ಕೊನೇ ಕ್ರಾಸಿನ ನೀರು

ರಾತ್ರಿ ಮೂರಕ್ಕೆ ಕಾಮಾಕ್ಷಿಪಾಳ್ಯದಲ್ಲಿ
ನಾಯಿಗಳೂ ಮಲಗಿರುತ್ತಿದ್ದವು, ಪಿಳ್ಳಪ್ಪ ಎದ್ದಿರುತ್ತಿದ್ದ.
ಹೆಗಲ ಮೇಲೆ ಅವನಷ್ಟೇ ಎತ್ತರದ ಕಬ್ಬಿಣದ ರಾಡು,
ಕಿವಿಯ ಸಂದಿಗೆ ಅರ್ಧ ಸೇದಿ ಆರಿಸಿದ ಬೀಡಿ,
ಕಾಲಿಗೆ ಜೋಡಿ ತಪ್ಪಿದ ಹವಾಯಿ ಚಪ್ಪಲಿ.

ರಸ್ತೆಯ ಮುಚ್ಚಳ ಎತ್ತಿ, ಗುಂಡಿಗೆ ರಾಡು ಇಳಿಸಿ
ಹನ್ನೊಂದು ಸುತ್ತು.
ಆಮೇಲೆ ಅದರ ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ,
ಮಣ್ಣಿನಡಿ ಯಾರೋ ಗುಟ್ಟು ಹೇಳುತ್ತಿರುವಂತೆ.
ಒಂದೇ ಮಾತು: "ಬಂತು."
ಅದಕ್ಕೇ ಕಾದಿದ್ದ ವಠಾರದ
ಹದಿನಾಲ್ಕು ಮನೆಯಲ್ಲೂ ಲೈಟು ಹತ್ತಿ
ಕೊಡ, ಡ್ರಮ್ಮು, ಬಕೆಟ್ಟು,
ಕೊನೆಗೆ ಇಡ್ಲಿ ಪಾತ್ರೆ ಕೂಡ ಅಂಗಳಕ್ಕೆ ಬರುತ್ತಿತ್ತು.

ಅವನನ್ನು ಯಾರೂ ಹೊಗಳಿದ್ದು ನಾನು ಕೇಳಿಲ್ಲ.
ಬಂದರೆ ಕಾವೇರಿ ನೀರು; ಬರದಿದ್ದರೆ ಪಿಳ್ಳಪ್ಪ ಕಳ್ಳ.
ರೇಸಿಗೆ ದುಡ್ಡು ಕಟ್ಟುತ್ತಾನೆ,
ಟ್ಯಾಂಕರಿನವರ ಜೊತೆ ಟೀ ಕುಡಿಯುತ್ತಾನೆ.
ಎರಡೂ ನಿಜ.
ನನ್ನ ಹೆಸರು ಎಷ್ಟು ಸಲ ತಿದ್ದಿದರೂ
"ಒಳೆ ಎಸರಿಟ್ಕಂಡು ಬಿಂದ್ಗೆ ಇಡ್ಕಂಡು ನಿಂತಿದ್ದೀಯಲ್ಲ, ಏಮಾವತಿ!"

ದಿಣ್ಣೆಯ ಮೇಲೆ, ಕೊನೇ ಕ್ರಾಸಿನಲ್ಲಿ ಅವನ ಮನೆ.
ಅಲ್ಲಿನ ವಾಲ್ವು ತಿರುಗುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ.
ಆ ಹೊತ್ತಿಗೆ ಪೈಪಿನಲ್ಲಿ ಬರೀ ಕೆಮ್ಮು.
ಯಾಕೆ ಅಂತ ಒಮ್ಮೆ ಕೇಳಿದೆ.
"ರಾಡು ನನ್ನ ಕೈನಾಗೈತಲ್ಲಮ್ಮಣ್ಣಿ, ಅದುಕ್ಕೇಯ."
ಅಷ್ಟೇ. ಬೀಡಿ ಹಚ್ಚಿಕೊಂಡು ಇಳಿದು ಹೋದ.

ಈಗ ನನ್ನ ಕೈಯಲ್ಲೂ ಒಂದು ರಾಡಿದೆ. ಕಾಣುವುದಿಲ್ಲ.
ಸರ್ಕಾರಿ ಆಸ್ಪತ್ರೆ, ಡಯಾಲಿಸಿಸ್ ವಾರ್ಡು,
ಆರು ಮೆಷಿನ್ನು, ಅದರಲ್ಲೊಂದು ಸದಾ ರಿಪೇರಿ.
ನಲವತ್ತಮೂರು ಹೆಸರಿನ ಪಟ್ಟಿ, ಬರೆಯುವ ಪೆನ್ನು ನನ್ನದು.
ಫೋನು ಬರುತ್ತದೆ: ಕಾರ್ಪೊರೇಟರ ಕಡೆಯವರು, ಪರಿಚಯದವರು,
ಪರಿಚಯದವರ ಪರಿಚಯದವರು.
ಸಕ್ಕರೆ ಹಾಕಿ ಇಲ್ಲ ಅನ್ನಲು ಕಲಿತಿದ್ದೇನೆ.

ಹೋದ ಆಷಾಢದಲ್ಲಿ ಸೋದರಮಾವ ಬಂದ, ಕಾಲು ಊದಿಸಿಕೊಂಡು.
ನನ್ನನ್ನು ಹೆಗಲ ಮೇಲೆ ಕೂರಿಸಿ
ಲಾಲ್‌ಬಾಗಿನ ಗಾಜಿನ ಮನೆ ತೋರಿಸಿದವನು.
ನಾಲ್ಕು ದಿನ ತಡೆಯಬಹುದು ಅಂದರು ಡಾಕ್ಟರು.
ಪಟ್ಟಿಯಲ್ಲಿ ಒಂಬತ್ತನೆಯವನು.
ಒಂಬತ್ತನೆಯವನಾಗಿಯೇ ಇಟ್ಟೆ.
ಅತ್ತೆ ಅಂದಿನಿಂದ ನನ್ನ ಜೊತೆ ಮಾತಾಡಿಲ್ಲ.

ಆಗ ನೆನಪಾದದ್ದು ಪಿಳ್ಳಪ್ಪ ಅಲ್ಲ,
ಅವನ ಹೆಂಡತಿ ಮುನಿರತ್ನಮ್ಮ.
ಬೆಳಗಿನ ಐದಕ್ಕೆ ಬೀದಿಯೆಲ್ಲ ಕೇಳುವಂತೆ ಬೈಯುತ್ತಿದ್ದಳು:
"ಊರಿಗೆಲ್ಲ ನೀರು ಬಿಡೋ ದೊರೆ,
ಮನೇಲಿ ಮಖ ತೊಳ್ಯಾಕೂ ಚೊಂಬು ಕಾಲಿ!"
ನಾವು ನಗುತ್ತಿದ್ದೆವು.
ಬೈದಾದ ಮೇಲೆ ಸೊಂಟಕ್ಕೊಂದು ತಲೆಗೊಂದು ಬಿಂದಿಗೆ ಇಟ್ಟು
ದಿಣ್ಣೆ ಇಳಿದು, ನಮ್ಮ ವಠಾರದ ಸಾಲಿನ ಕೊನೆಗೆ ನಿಲ್ಲುತ್ತಿದ್ದಳು.
ವಾಲ್ವಿನವನ ಹೆಂಡತಿ ಅಂತ ಯಾರಾದರೂ ಮುಂದೆ ಬಿಟ್ಟರೆ
"ಬ್ಯಾಡ" ಅನ್ನುತ್ತಿದ್ದಳು.
ಗಂಡನ ಮೇಲಿನ ಸಿಟ್ಟಿಗೋ, ಗಂಡನ ಮಾತಿಗೋ,
ಇವತ್ತಿಗೂ ನನಗೆ ಗೊತ್ತಿಲ್ಲ.

ತಿರುಗಿಸಿದವನು ಅವನು. ಹೊತ್ತವಳು ಅವಳು.
ದಿನಕ್ಕೆ ನಾಲ್ಕು ಬಿಂದಿಗೆ ನ್ಯಾಯ, ದಿಣ್ಣೆ ಹತ್ತಿ.

ನನ್ನದನ್ನು ಹೊತ್ತವರು? ಮಾವ.
ಸ್ವಲ್ಪ ಅತ್ತೆ. ತವರಿನ ಹಬ್ಬಕ್ಕೆ ಕರೆ ಬರದ ನಮ್ಮಮ್ಮ.

ಒಮ್ಮೆ ತಪ್ಪಿದ್ದೂ ಇದೆ, ಹೇಳಿಬಿಡಬೇಕು.
ಹಳೆಯ ಹೆಡ್‌ಮಿಸ್ಸಿನ ಹೆಸರು ಒಂದು ಸಾಲು ಮೇಲಕ್ಕೆ ಜರುಗಿಸಿದೆ.
ಯಾರೂ ಕೇಳಲಿಲ್ಲ. ಕೆಳಗೆ ಜರುಗಿದವನ ಹೆಸರು ಮಾತ್ರ
ಇನ್ನೂ ಬಾಯಿಪಾಠ:
ನಯಾಜ್ ಪಾಷ, ವೆಲ್ಡಿಂಗ್ ಕೆಲಸ, ಪಾದರಾಯನಪುರ.

ನಸುಕಿನ ಐದೂವರೆ. ಇವತ್ತು ಮೊದಲ ಪಾಳಿ ಮಾವನದು.
ಗೋಡೆ ಕಡೆ ಮುಖ ಮಾಡಿ ತೋಳು ಮಾತ್ರ ಇತ್ತ ಚಾಚಿದ್ದಾನೆ.
ಸೂಜಿಗೆ ಮುಂಚೆ, ಉಬ್ಬಿದ ನರದ ಮೇಲೆ
ಸ್ಟೆತಸ್ಕೋಪಿಟ್ಟು ಕಣ್ಣು ಮುಚ್ಚುತ್ತೇನೆ.
ಚರ್ಮದಡಿ ಜುಯ್ಯೆಂದು
ದಿಣ್ಣೆ ಹತ್ತುವ ನೀರಿನ ಸದ್ದು.
"ಏನಂತೆ?" ಅನ್ನುತ್ತಾನೆ, ತಿರುಗದೆ.

"ಬಂತು."