ಸುಂಟಿಕೊಪ್ಪ ಹಾಲ್ಟ್

ಸಂಜೆ ಐದೂವರೆಗೆ ಗಾಡಿಯನ್ನು ರಿವರ್ಸಿನಲ್ಲಿ ಅಂಗಳಕ್ಕೆ ಹತ್ತಿಸಿ
ಮೂತಿ ರಸ್ತೆಗೆ ಮಾಡಿ ನಿಲ್ಲಿಸಿದೆ.
ಬೆಳಗಿನ ಜಾವ ನಾಲ್ಕೂವರೆಗೆ ಮತ್ತೆ ಹೊರಡಬೇಕು:
ಊಟಿ, ಕೊಡೈಕೆನಾಲ್. ಮಡಿಕೇರಿ ಮಹದೇವಪೇಟೆಯ
ಹದಿಮೂರು ಜನ, ಎರಡು ಹಸುಗೂಸು, ಒಂದು ಗ್ಯಾಸ್ ಒಲೆ.
ನಡುವೆ ಉಳಿದದ್ದು ಹನ್ನೊಂದು ಗಂಟೆ.
ಅದರೊಳಗೇ ನಿದ್ದೆ ಬರಬೇಕು, ಸುಗುಣಳ ಮಾತು ಮುಗಿಯಬೇಕು,
ಎಡಗಡೆ ಹಿಂದಿನ ಟಯರಿನ ಮೊಳೆಯೂ ಹೊರಬರಬೇಕು.

ಮೊದಲು ಗಾಡಿಗೆ ಸ್ನಾನ, ಆಮೇಲೆ ನನಗೆ.
ಆಗುಂಬೆಯ ಏಳನೇ ತಿರುವಿನಲ್ಲಿ ಯಾರೋ ಕಾರಿದ ಅವಲಕ್ಕಿ
ಮೂರನೇ ಕಿಟಕಿಯ ಕೆಳಗೆ ಒಣಗಿ ಭೂಪಟವಾಗಿದೆ.
ಬಕೆಟ್ಟಿನಲ್ಲಿ ಸೋಪಿನ ಪುಡಿ ಕದಡುತ್ತ ಸುಗುಣ ಕೇಳುತ್ತಾಳೆ,
"ಮುರ್ಡೇಶ್ವರ ಹೇಗಿತ್ತು?"
"ಪಾರ್ಕಿಂಗ್ ಚೆನ್ನಾಗುಂಟು. ನೆರಳುಂಟು."
"ಗೋಕರ್ಣ?"
"ಅಲ್ಲಿ ಕಷ್ಟ. ತಿರುಗಿಸಲಿಕ್ಕೆ ಜಾಗ ಇಲ್ಲ."
ನಗುತ್ತಾಳೆ. ನಾನು ತಮಾಷೆಗೆ ಹೇಳಿದ್ದಲ್ಲ.
ಹದಿನೆಂಟು ಬೇಸಗೆ ಸುತ್ತಿ ನಾನು ಕಂಡದ್ದು
ದೇವರುಗಳ ಬೆನ್ನ ಹಿಂದಿನ ಗೋಡೆ,
ಕಡಲಿನದು ಬರೀ ಸದ್ದು.

ಮೇ ತಿಂಗಳಲ್ಲಿ ಹುಟ್ಟಿದಳೆಂದು ಗ್ರೀಷ್ಮಾ ಎಂದು ಇಟ್ಟೆವು.
ಸೀಸನ್ನಿನ ಮಗಳು. ಅವಳ ಮೊದಲ ಅಳು ನಾನು ಕೇಳಿದ್ದು
ವೇಳಾಂಕಣ್ಣಿಯ ಪಂಚರ್ ಅಂಗಡಿಯಲ್ಲಿ, ಫೋನಿನಲ್ಲಿ,
ಗಾಳಿ ತುಂಬುವ ಮೆಷಿನ್ನು ನಿಲ್ಲಿಸಪ್ಪ ಎಂದು
ಬಾರದ ತಮಿಳಿನಲ್ಲಿ ಬೇಡಿಕೊಂಡು.
ಈಗ ಒಂಬತ್ತು ವರ್ಷ.
ಕಡ್ಡಿಪೊರಕೆ ಹಿಡಿದು ಗಾಡಿ ಹತ್ತಿದ್ದಾಳೆ.

ಸೀಟಿನಡಿಯ ಸಾಮಾನು ಬೇರೆ: ಒಂದು ಜಡೆಕ್ಲಿಪ್ಪು,
ಮಗುವಿನ ಎಡಗಾಲಿನ ಶೂ, ಮೆತ್ತಗಾದ ಬಿಸ್ಕತ್ತು.
ಮರಳು ಬೇರೆ. ಮ್ಯಾಟು ಒಂದೊಂದಾಗಿ ಎತ್ತಿ
ಹಳೇ ಪೇಪರಿಗೆ ಮೆಲ್ಲಗೆ ಕೊಡವಿ
ಹಾರ್ಲಿಕ್ಸ್ ಬಾಟಲಿಗೆ ಸುರಿಯುತ್ತಾಳೆ.
ತಳದಲ್ಲಿ ಮಲ್ಪೆ, ಅದರ ಮೇಲೆ ಕನ್ಯಾಕುಮಾರಿ,
ಯಾವುದೋ ಕಪ್ಪು ಗೆರೆ, ಅದು ನನಗೂ ನೆನಪಿಲ್ಲ.
"ಇದು ಯಾವ ಊರಿದು ಅಪ್ಪ?"
"ಗೋಕರ್ಣ ಇರಬೇಕು. ಇಲ್ಲ ಮುರ್ಡೇಶ್ವರ.
ಜನರ ಕಾಲಿಗೆ ಮೆತ್ತಿ ಬಂದದ್ದು, ಹೆಸರು ಹೇಳುತ್ತದಾ?"
ನಾಲಗೆ ತುದಿಗೆ ಒಂದು ಕಣ ಇಟ್ಟು ನೋಡುತ್ತಾಳೆ.
ಉಪ್ಪಿಲ್ಲವಂತೆ.

ಡ್ರೈವರ್ ಮ್ಯಾಟನ್ನು ಮಾತ್ರ ಅವಳು ಎತ್ತುವುದಿಲ್ಲ.
ಅಲ್ಲಿ ಮರಳಿರುವುದಿಲ್ಲ, ಗೊತ್ತು ಅವಳಿಗೆ.

ಮುಂದಿನ ಸಲ ಕರೆದುಕೊಂಡು ಹೋಗುತ್ತೇನೆ ಎಂದು
ಹೇಳುವುದನ್ನು ನಾನು ಬಿಟ್ಟೆನೋ, ಅವಳು ಕೇಳುವುದನ್ನೋ,
ಯಾರು ಮೊದಲು ಬಿಟ್ಟದ್ದು?

ಅಷ್ಟರಲ್ಲಿ ರಸ್ತೆಯಲ್ಲೊಂದು ಬೆಂಗಳೂರಿನ ಕಾರು.
ಗಾಜು ಇಳಿಯಿತು, ಒಳಗಿನ ತಂಪು ಹೊರಗೆ ಬಂತು.
"ಪಾಪು, ಇಲ್ಲಿ ನೋಡೋದಕ್ಕೆ ಏನಿದೆ?"
ಬಾಟಲಿಗೆ ಮುಚ್ಚಳ ತಿರುಗಿಸುತ್ತ ಗ್ರೀಷ್ಮಾ ಹೇಳಿದಳು,
"ಇಲ್ಲಿ ಏನೂ ಇಲ್ಲ ಅಂಕಲ್.
ಇವತ್ತು ಅಪ್ಪ ಇದ್ದಾರೆ, ಅಷ್ಟೇ."
ಅವರು ಅಬ್ಬಿ ಫಾಲ್ಸಿನ ದಾರಿ ಕೇಳಿಕೊಂಡು ಹೋದರು.
ಕತ್ತಲಾದ ಮೇಲೆ ಅಲ್ಲೇನು ಕಾಣುತ್ತದೋ.

ರಾತ್ರಿ ಕಡುಬು, ಬಿದಿರು ಕಣಿಲೆಯ ಉಪ್ಪಿನಕಾಯಿ, ನಿನ್ನೆಯ ಕೋಳಿಸಾರು.
ಕರೆಂಟು ಎರಡು ಸಲ ಹೋಗಿ ಬಂತು.
ಸುಗುಣ ಹೇಳಬೇಕೆಂದಿದ್ದ ಏಳು ವಿಷಯಗಳಲ್ಲಿ
ನಾಲ್ಕು ಹೇಳಿದಳು. ಐದನೆಯದರ ಅರ್ಧಕ್ಕೆ ನನಗೆ ನಿದ್ದೆ.
ನಿದ್ದೆಯಲ್ಲಿ ಯಾವುದೋ ಘಾಟಿ ಇಳಿಯುತ್ತಿದ್ದೆ,
ಬಲಗಾಲು ಬ್ರೇಕು ಹುಡುಕಿ ಅವಳ ಕಾಲನ್ನು ತುಳಿಯಿತು.
ಅವಳು ಕಾಲು ಸರಿಸಲಿಲ್ಲ. ಗಾಡಿ ನಿಂತಿತು.

ನಾಲ್ಕು ಇಪ್ಪತ್ತು. ಗಾಜಿನ ಮೇಲೆ ಮಂಜು.
ಶರಟು ಇನ್ನೂ ಹಸಿ, ಮೈಮೇಲೆಯೇ ಒಣಗಲಿ.
ಮಗಳ ಮಂಚದ ಕೆಳಗೆ ಬಾಟಲಿ, ಮುಕ್ಕಾಲು ಕಡಲು.
ಎಂಜಿನ್ ಹಾಕಿದರೆ ಏಳುತ್ತಾಳೆ.
ಹ್ಯಾಂಡ್ ಬ್ರೇಕ್ ಬಿಟ್ಟು ಸುಮ್ಮನೆ ಕುಳಿತೆ.
ನಮ್ಮ ಅಂಗಳ ಇಳಿಜಾರು,
ಅದೇ ನನ್ನನ್ನು ರಸ್ತೆಗೆ ದಾಟಿಸಿತು.
ಕೆಳಗಿನ ತಿರುವಿನಲ್ಲಿ ಕೀ ತಿರುಗಿಸಿದೆ.

ಆದರೂ ಕನ್ನಡಿಯಲ್ಲಿ
ಅಡುಗೆಮನೆಯ ದೀಪ ಹತ್ತಿತು.