ಹತ್ತರ ಬಿಲ್ಲೆ

ನಾಲ್ಕು ನದಿ ನಮ್ಮ ಶಾಲ್ಯಾಗ:
ಭೀಮಾ, ಕೃಷ್ಣಾ, ಕಾಗಿಣಾ, ಡೋಣಿ.
ನಾನು ಡೋಣಿ ಹೌಸಿನ ಖಜಾಂಚಿ,
ಕೊರಳಾಗ ಕೀಲಿಕೈ, ಕೈಯಾಗ ಡಾಲ್ಡಾ ಡಬ್ಬಿ.

ಓಡೋ ಹುಡುಗ ಥಾವರು ಭೀಮಾದಾವ,
ಮೂರು ವರ್ಷ ನಮಗ ಮಣ್ಣು ಮುಕ್ಕಿಸಿದಾವ.
ಅವನ್ನ ತುಮಕೂರಿಗೆ ಕಳಸಲಿಕ್ಕೆ
ಶಹಾಪುರದ ಬಿಸಿಲಾಗ ನಾವ್ಯಾಕ ಸೂಸಲ ಮಾರಬೇಕು?
ಹಲೀಮಾ ಟೀಚರ್ ಅಂದ್ರು,
‘ಡೋಣಿ ಹರಿದರ ಓಣೆಲ್ಲ ಜೋಳ.’
ಅಷ್ಟಂದು ಹಾಜರಿ ಕರೆದ್ರು.

ಬಸ್‌ಸ್ಟ್ಯಾಂಡಿನ್ಯಾಗ ಎಲ್ಲರೂ ದಾನಶೂರರೇ:
ಪ್ಯಾಟ್ಯಾಗ ನಡೀಲಾರದ ಹತ್ತರ ಬಿಲ್ಲೆ
ನಮ್ಮ ಡಬ್ಬಿಗೆ ಒಗೆದು ಪುಣ್ಯ ಕಟಗೊಂಡ್ರು.
ಪಾನ್‌ಡಬ್ಬಾದ ಖಾದರಸಾಬ ಒಬ್ಬನೇ
ಮುದುಡಿದ ಐವತ್ತರ ನೋಟು.

ಎಣಿಸಿದರ ಸಾವಿರದ ಇನ್ನೂರ ಹತ್ತು.
ಕೃಷ್ಣಾದವರದು ಮೂರು ಸಾವಿರ, ಬರೇ ನೋಟು.
ಬೋರ್ಡಿನ ಮ್ಯಾಲೆ ನಾವು ಕಟ್ಟಕಡೆಗೆ.
ಬೂಟಿನಂಗಡಿಯಾವ ತಲಿ ಅಲ್ಲಾಡಿಸಿದ,
ಕಿರಾಣಿ ಶೇಠ ನಕ್ಕ.

ತಗೊಂಡಾವ ಒಬ್ಬನೇ,
ಸರ್ಕಾರಿ ಬಸ್ಸಿನ ಕಂಡಕ್ಟರ.
ಥಾವರು ಕಿಟಕಿ ಬಾಜೂಕ ಕೂತು
ತೊಡಿ ಮ್ಯಾಲೆ ಗಂಟು ಬಿಚ್ಚಿ
ಒಂದೊಂದೇ ಅವನ ಅಂಗೈಗೆ ಹಾಕ್ತಿದ್ದ.

ಬಸ್ಸು ತಿರುವು ದಾಟಿ ಹೋದ ಮ್ಯಾಲೂ
ಆ ಖಣಖಣ ನನಗ ಕೇಳ್ತಿತ್ತು
ಅಂತ ಇವತ್ತಿಗೂ ಹೇಳ್ತೀನಿ.
ಯಾರೂ ನಂಬಂಗಿಲ್ಲ.